ಬೂಟ್ ಬೇಗ ಆಗಲಿ ಅಂತ ಇನಿಟ್ ಬದಲಿಸಬೇಡಿ

ಲ್ಯಾಪ್‌ಟಾಪ್ ಬೂಟ್ ಆಗಲು 40 ಸೆಕೆಂಡ್ ಹಿಡಿಯುತ್ತಿದೆ, ಸಿಸ್ಟಮ್‌ಡಿ ಬಿಟ್ಟು ರನ್‌ಇಟ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಎರಡೂ ಇನಿಟ್‌ಗಳು, ಅಂದರೆ ಲಿನಕ್ಸ್‌ನಲ್ಲಿ ಮೊದಲು ಶುರುವಾಗಿ ಉಳಿದ ಸರ್ವಿಸ್‌ಗಳನ್ನು ಎಬ್ಬಿಸುವ ಪ್ರೋಗ್ರಾಂಗಳು. ಕಾರಣ ಅದೊಂದೇ ಆದರೆ ಬೇಡ. ಆ 40 ಸೆಕೆಂಡ್ ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಿ.

ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಕೊಡಿ. ಫರ್ಮ್‌ವೇರ್ (ಮದರ್‌ಬೋರ್ಡ್‌ನ ಸಾಫ್ಟ್‌ವೇರ್), ಲೋಡರ್ (ಕರ್ನಲನ್ನು ತಂದು ಶುರು ಮಾಡುವುದು), ಕರ್ನಲ್ (ಸಿಸ್ಟಮ್‌ನ ತಿರುಳು), ಯೂಸರ್‌ಸ್ಪೇಸ್ (ಇನಿಟ್ ಮತ್ತು ಅದು ಎಬ್ಬಿಸುವ ಸರ್ವಿಸ್‌ಗಳು) ಅಂತ ಲೆಕ್ಕ ಬಿಡಿಸಿ ತೋರಿಸುತ್ತದೆ. ಇದರಲ್ಲಿ ಮೊದಲ ಮೂರು ಇನಿಟ್‌ನ ಕೈಯಲ್ಲೇ ಇಲ್ಲ. ಗ್ರಬ್ ಅನ್ನುವ ಲೋಡರ್‌ನ ಮೆನು 5 ಸೆಕೆಂಡ್ ಕಾಯುತ್ತಿದ್ದರೆ, ರನ್‌ಇಟ್ ಹಾಕಿದರೂ ಅಷ್ಟೇ ಕಾಯುತ್ತದೆ. ಆಮೇಲೆ ಅದೇ ಕಮಾಂಡ್‌ಗೆ ಕ್ರಿಟಿಕಲ್-ಚೈನ್ ಸೇರಿಸಿ ಓಡಿಸಿ, ಯಾವುದು ಯಾವುದಕ್ಕಾಗಿ ಕಾಯಿತು ಅಂತ ತೋರಿಸುತ್ತದೆ. ಎಲ್ಲರೂ ಬ್ಲೇಮ್ (ಪ್ರತಿ ಸರ್ವಿಸ್ ಹಿಡಿದ ಸಮಯದ ಪಟ್ಟಿ) ನೋಡುತ್ತಾರೆ, ಆದರೆ ಸರ್ವಿಸ್‌ಗಳು ಒಟ್ಟೊಟ್ಟಿಗೆ ಶುರುವಾಗುವುದರಿಂದ ಅದರಲ್ಲಿ ಮೇಲೆ ಕಾಣುವುದು ಯಾರನ್ನೂ ತಡೆಯದೇ ಇರಬಹುದು. ನೆಟ್‌ವರ್ಕ್ ಸಿಗುವ ತನಕ ಕಾಯುವ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಅಲ್ಲಿ ಕಂಡರೆ, ನೆಟ್‌ವರ್ಕ್ ಡ್ರೈವ್ ಮೌಂಟ್ ಮಾಡದವರು ಸಾಮಾನ್ಯವಾಗಿ ಅದನ್ನು ನಿಲ್ಲಿಸಬಹುದು.

ನನ್ನ ಮಷೀನ್‌ನಲ್ಲಿ ಒಮ್ಮೆ ಹಳೆಯ ಡಿಸ್ಕ್ ತೆಗೆದಿದ್ದೆ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಅದರ ಸಾಲು ಹಾಗೇ ಉಳಿದಿತ್ತು. ಕಪ್ಪು ಸ್ಕ್ರೀನ್ ಮೇಲೆ ಕೆಂಪು ನಕ್ಷತ್ರಗಳು ಆ ಕಡೆ ಈ ಕಡೆ ಓಡಾಡುತ್ತಿದ್ದವು, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡ್‌ನ ಎಣಿಕೆ. ಅದು ಮುಗಿದ ಮೇಲೆ ಸೀದಾ ಎಮರ್ಜೆನ್ಸಿ ಮೋಡ್, ಅಂದರೆ ರಿಪೇರಿಗೆ ಬರೀ ಕಮಾಂಡ್ ಲೈನ್. ಸಾಲು ಅಳಿಸಿದೆ, ಸರಿಹೋಯಿತು. ಆಗಾಗ ತೆಗೆಯುವ ಡಿಸ್ಕ್ ಆದರೆ ಅದರ ಸಾಲಿನಲ್ಲಿ ನೋಫೇಲ್ ಅನ್ನುವ ಆಯ್ಕೆ ಹಾಕಿ, ಬೂಟ್ ಅದಕ್ಕಾಗಿ ಕಾಯುವುದಿಲ್ಲ.

ಹಳೆಯ ಸಿಸ್‌ವಿ ಇನಿಟ್ ಸ್ಕ್ರಿಪ್ಟ್‌ಗಳನ್ನು ಒಂದಾದ ಮೇಲೆ ಒಂದು ಓಡಿಸುತ್ತಿತ್ತು. ಅದರ ಜಾಗಕ್ಕೆ 2006ರ ಅಪ್‌ಸ್ಟಾರ್ಟ್, 2010ರ ಸಿಸ್ಟಮ್‌ಡಿ ಬಂದಾಗ ತಿರುಗುವ ಹಾರ್ಡ್ ಡಿಸ್ಕ್‌ಗಳ ಕಾಲ, ವೇಗದ ಮಾತಿಗೆ ಬೆಲೆಯಿತ್ತು. ಎಸ್‌ಎಸ್‌ಡಿ ಬಂದ ಮೇಲೆ ಇನಿಟ್‌ಗಳ ನಡುವಿನ ಅಂತರ ತುಂಬಾ ಕಡಿಮೆಯಾಗಿದೆ. ಲ್ಯಾಪ್‌ಟಾಪನ್ನು ನಾವು ಜಾಸ್ತಿ ಸಸ್ಪೆಂಡ್ ಮಾಡುತ್ತೇವೆ, ಅಲ್ವಾ? ದೊಡ್ಡ ಸರ್ವರ್‌ಗಳಲ್ಲಂತೂ ಇನಿಟ್ ಶುರುವಾಗುವ ಮೊದಲೇ ಮೆಮೊರಿ ಪರೀಕ್ಷೆಗೇ ನಿಮಿಷಗಟ್ಟಲೆ ಹೋಗುತ್ತದೆ. ಕಾರಿನ ರಿವರ್ಸ್ ಕ್ಯಾಮೆರಾ, ಬೇಡಿಕೆ ಬಂದಾಗ ಏಳುವ ವರ್ಚುವಲ್ ಮಷೀನ್, ಇಂಥ ಕಡೆ ಮಾತ್ರ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ.

ಇನಿಟ್ ಆರಿಸುವಾಗ ನಾನು ನೋಡುವುದು ಬೇರೆ. ರಾತ್ರಿ ಸರ್ವಿಸ್ ಬಿದ್ದರೆ ಯಾರು ಎಬ್ಬಿಸುತ್ತಾರೆ? ಯಾಕೆ ಬಿತ್ತು ಅಂತ ಲಾಗ್ ಎಲ್ಲಿ ಸಿಗುತ್ತದೆ? ಮುರಿದಾಗ ನನಗೆ ಓದಿ ಅರ್ಥವಾಗುತ್ತದಾ? ರನ್‌ಇಟ್ ಕೂಡ ಬಿದ್ದ ಸರ್ವಿಸನ್ನು ಚೆನ್ನಾಗಿ ಎಬ್ಬಿಸುತ್ತದೆ, ಅದರ ಸ್ಕ್ರಿಪ್ಟ್‌ಗಳು ನಾಲ್ಕೈದು ಸಾಲಿನವು. ಆ ಸರಳತೆ ಇಷ್ಟವಾದರೆ ಧಾರಾಳವಾಗಿ ರನ್‌ಇಟ್ ಬಳಸುವ ವಾಯ್ಡ್ ಲಿನಕ್ಸ್ ಹಾಕಿ ನೋಡಿ.

ಸದ್ಯಕ್ಕೆ ನಿಮ್ಮ ಕ್ರಿಟಿಕಲ್-ಚೈನ್ ಔಟ್‌ಪುಟ್ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.