ಬಣ್ಣದಂತೆ ಬಳಿಯುವ ಸೌರಕೋಶ ಸಕಲೇಶಪುರದ ಮಳೆಗೆ ತಡೆಯುತ್ತದೆಯೇ?

ಪಾಲಿಮರ್ (ಪ್ಲಾಸ್ಟಿಕ್ ಜಾತಿಯ ವಸ್ತು) ಮತ್ತು ನ್ಯಾನೊಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಬೆರೆಸಿದ ತೆಳುಪದರದ ಸೌರಕೋಶವನ್ನು ತೋಟದ ಶೆಡ್ಡಿಗೆ ಹಾಕಿಸಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ, ಸಿಲಿಕಾನ್ ಫಲಕವನ್ನೇ ಹಾಕಿಸಿ.

ಆದರೂ ಈ ಪದರದ ಒಳಗುಟ್ಟು ಸೊಗಸಾದದ್ದು. ಬೆಳಕು ಬಿದ್ದಾಗ ಪಾಲಿಮರಿನ ಎಲೆಕ್ಟ್ರಾನ್ ಪೂರ್ತಿ ಬಿಡುಗಡೆಯಾಗುವುದಿಲ್ಲ. ತಾನು ತೆರವು ಮಾಡಿದ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ಈ ಜೋಡಿ ಸುಮಾರು 10 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಸಾಗುವುದರೊಳಗೆ ಬೇರ್ಪಡದಿದ್ದರೆ ಮತ್ತೆ ಒಂದಾಗಿ, ಹಿಡಿದ ಬೆಳಕು ವ್ಯರ್ಥವಾಗುತ್ತದೆ. ಅದಕ್ಕೇ ಸತುವಿನ ಆಕ್ಸೈಡ್ ಅಥವಾ ಕ್ಯಾಡ್ಮಿಯಂ ಸೆಲೆನೈಡ್ ಕಣಗಳನ್ನು ಪದರದ ಉದ್ದಗಲಕ್ಕೂ ಬೆರೆಸುತ್ತಾರೆ. ಕಣ ಎಲೆಕ್ಟ್ರಾನನ್ನು ಸೆಳೆದುಕೊಳ್ಳುತ್ತದೆ, ಅದು ತೆರವು ಮಾಡಿದ ಜಾಗ ಪಾಲಿಮರಿನಲ್ಲೇ ಮುಂದೆ ಸಾಗುತ್ತದೆ. ಸರಿಯಾಗಿ ತೊಳಸದ ರಾಗಿಮುದ್ದೆಯಂತೆ ಕಣಗಳು ಗಂಟುಕಟ್ಟಿದರೆ ಕೆಲಸ ಕೆಟ್ಟಿತು. ಹಾಗೆಂದು ಬಿಡಿಬಿಡಿಯಾಗಿ ಉಳಿದರೂ ಎಲೆಕ್ಟ್ರಾನಿಗೆ ಹೊರದಾರಿ ಇರುವುದಿಲ್ಲ. 2002ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಉರುಟು ಕಣದ ಬದಲು ಉದ್ದನೆಯ ನ್ಯಾನೊಕಡ್ಡಿಗಳನ್ನು ಬಳಸಿದ್ದು ಇದೇ ಕಾರಣಕ್ಕೆ. ನನಗೆ ಬಹಳ ಮೆಚ್ಚುಗೆಯಾದ ಉಪಾಯವದು. ಆಗ ಸಿಕ್ಕ ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ವಿದ್ಯುತ್ತಾದ ಪಾಲು, ಶೇ 1.7. ಇಂದಿನ ಸಿಲಿಕಾನ್ ಫಲಕಗಳು ಶೇ 20 ದಾಟಿವೆ.

ಇನ್ನು ಮಳೆ. ತೇವ ಮತ್ತು ಆಮ್ಲಜನಕ ಎರಡೂ ಈ ಪಾಲಿಮರುಗಳನ್ನು ಕೆಡಿಸುತ್ತವೆ. ಗಾಳಿಯಾಡದಂತೆ ಮುಚ್ಚದೆ ನಿಮ್ಮ ಊರಿನ ಆಷಾಢಕ್ಕೆ ಒಡ್ಡಿದರೆ ಪದರ ಬಾಳುವುದಿಲ್ಲ.