ತಾರಸಿ ಮೇಲೆ ಶೀಟ್ ರೂಮಿಗೆ ಪರ್ಮಿಷನ್ ಬೇಕಾ ಅನ್ನೋದಕ್ಕಿಂತ ಮೊದಲು ಹಳೇ ಪ್ಲ್ಯಾನ್ ಬಿಚ್ಚಿ

30x40 ಸೈಟು, ಅಪ್ಪ ಕಟ್ಟಿಸಿದ ಮನೆ, ತಾರಸಿ ಮೇಲೆ ಶೀಟ್ ಹಾಕಿ ಒಂದು ರೂಮು. ಪರ್ಮಿಷನ್ ಬೇಕಾ, ಬೇಕಿದ್ದರೆ ಯಾರನ್ನು ಕೇಳಬೇಕು ಅಂತ ಕೇಳಿದ್ದೀರಿ. ಓದುತ್ತಾ ನಮ್ಮ ಮನೆಯವರೇ ಯಾರೋ ಬರೆದಿದ್ದಾರೆ ಅನ್ನಿಸಿತು. ನಮ್ಮದು ಬೆಂಗಳೂರಿನ ಬನಶಂಕರಿ ಕಡೆ. ಅಪ್ಪ ತೊಂಬತ್ತರ ದಶಕದಲ್ಲಿ ಕಟ್ಟಿಸಿದ್ದು, ಗ್ರೌಂಡ್ ಫ್ಲೋರ್, ಮೇಲೊಂದು ಫ್ಲೋರ್. ಮಗ ಪಿಯುಸಿಗೆ ಬಂದ. ಕೆಳಗೆ ಟಿವಿ, ಮಿಕ್ಸಿ, ನೆಂಟರು. ಅವನಿಗೆ ಓದಿಕೊಳ್ಳಲು ಒಂದು ರೂಮು ಬೇಕಾಯಿತು.

ನಾನೂ ಕೇಳಿಯೇ ಕಟ್ಟಿಸಿದ್ದು. ಮೊದಲು ಮೇಸ್ತ್ರಿಯನ್ನು ಕೇಳಿದೆ. "ಶೀಟ್ ತಾನೇ ಸಾರ್, ಮೋಲ್ಡ್ ಏನೂ ಹಾಕ್ತಿಲ್ವಲ್ಲ. ಯಾರಾದ್ರೂ ಬಂದ್ರೆ ಬೋಲ್ಟ್ ಬಿಚ್ಚಿಟ್ರಾಯ್ತು" ಅಂದ. ಎದುರು ಮನೆಯವರನ್ನು ಕೇಳಿದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ, ತಮ್ಮ ತಾರಸಿ ಮೇಲಿನ ಶೀಟು ತೋರಿಸಿದರು. ನನ್ನ ಹೆಂಡತಿಯ ತಮ್ಮನನ್ನು ಕೇಳಿದೆ. "ವರ್ಷಾ ವರ್ಷಾ ಟ್ಯಾಕ್ಸ್ ಕಟ್ತಿದ್ದೀರಲ್ಲ ಭಾವ, ಇನ್ನೇನು ಬೇಕು?" ಅಂದ. ಎಲ್ಲರೂ ಬೇಡ ಅಂದ ಮೇಲೆ ಬೇಡ ತಾನೇ? ಕಬ್ಬಿಣದ ಪೈಪ್ ನಿಲ್ಲಿಸಿ, ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ, ಮೇಲೆ ನೀಲಿ ಶೀಟ್ ಹಾಕಿಸಿದೆ. ಕಿಟಕಿಗೆ ಎರಚಲು ಬರಬಾರದು ಅಂತ ಮೇಸ್ತ್ರಿ ಶೀಟನ್ನು ಪ್ಯಾರಾಪೆಟ್‌ನಿಂದ ಒಂದಡಿ ಆಚೆಗೆ ಬಿಟ್ಟ.

ಮೊದಲ ದೊಡ್ಡ ಮಳೆಗೆ ಶೀಟಿನ ಒಂದೊಂದು ಪಟ್ಟೆಯಿಂದ ನೀರು ದಾರ ಕಟ್ಟಿದ ಹಾಗೆ ಇಳಿದು ಪಕ್ಕದ ಮನೆಯ ಸ್ಕೂಟರ್ ಸೀಟಿನ ಮೇಲೆ ಬಿತ್ತು. ಅವರು ಬಂದು ಸಮಾಧಾನವಾಗಿಯೇ ಹೇಳಿದರು. ಶೀಟಿನ ಅಂಚಿಗೆ ನೀರಿನ ದೋಣಿ ಹಾಕಿಸ್ತೀನಿ ಅಂದೆ. ಹಾಕಿಸಲಿಲ್ಲ. ಅವರು ಪಾಲಿಕೆಗೆ ದೂರು ಕೊಟ್ಟರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ.

ಬಂದ ಎಂಜಿನಿಯರ್ ಮೇಲೆ ಹತ್ತಲೇ ಇಲ್ಲ. ಹಾಲ್‌ನಲ್ಲಿ ಕೂತು ಸ್ಯಾಂಕ್ಷನ್ ಪ್ಲ್ಯಾನ್, ಅಂದರೆ ಮಂಜೂರಾದ ಮನೆ ನಕ್ಷೆ ಕೇಳಿದರು. ನಾನು ಖಾತಾ, ಟ್ಯಾಕ್ಸ್ ರಸೀದಿ ಎಲ್ಲ ತಂದು ಮುಂದಿಟ್ಟೆ. "ಇವಲ್ಲ ಸಾರ್, ನಕ್ಷೆ." ಅಮ್ಮ ಗಾಡ್ರೆಜ್ ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಕೆಳಗಿಂದ ತೆಗೆದುಕೊಟ್ಟರು. ನೀಲಿ ಕಾಗದ, ಮಡಿಕೆಯ ಜಾಗದಲ್ಲೆಲ್ಲ ಹರಿದಿತ್ತು. ಅವರು ಅದನ್ನು ಊಟದ ಟೇಬಲ್ ಮೇಲೆ ಹರಡಿ, ಸುರುಳಿ ಸುತ್ತಬಾರದು ಅಂತ ಒಂದು ಮೂಲೆಗೆ ಸ್ಟೀಲ್ ಲೋಟ ಇಟ್ಟರು. ಆಮೇಲೆ ಟೇಪ್ ಹಿಡಿದು ನೇರ ಹಿತ್ತಲಿಗೆ ಹೋದರು. ನಕ್ಷೆಯಲ್ಲಿ ಮನೆ ಹಿಂದೆ ಉದ್ದಕ್ಕೂ ಖಾಲಿ ಜಾಗ. ನಮ್ಮ ಮನೆಯಲ್ಲಿ ಅದೇ ಜಾಗದಲ್ಲಿ ಕಾಂಪೌಂಡಿಗೆ ಅಂಟಿಕೊಂಡು ಯುಟಿಲಿಟಿ, ಒಂದು ಟಾಯ್ಲೆಟ್. "ಇದು ಯಾವಾಗ ಕಟ್ಟಿದ್ದು?"

ಮನೆ ಕಟ್ಟುವಾಗಲೇ ಕಟ್ಟಿದ್ದು. ಅದು ತಪ್ಪು ಅಂತ ನಮಗೆ ಗೊತ್ತೇ ಇರಲಿಲ್ಲ. ನೋಟಿಸ್ ಬಂದಾಗ ಅದರಲ್ಲಿ ಶೀಟ್ ರೂಮಿನ ಜೊತೆ ಯುಟಿಲಿಟಿ, ಟಾಯ್ಲೆಟ್ ಎರಡೂ ಇದ್ದವು.

ನಾನು ಕೆಟ್ಟದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ನಿಂತಿದ್ದೀರಿ. ಪರ್ಮಿಷನ್ ಇಲ್ಲದೆ ರೂಮ್ ಕಟ್ಟಿಸಿದ್ದು ಆಮೇಲಿನ ಮಾತು. ಆ ನಕ್ಷೆ ಅಷ್ಟು ವರ್ಷ ನಮ್ಮ ಬೀರುವಿನಲ್ಲೇ ಇತ್ತು. ಒಂದು ಸಲ ಸಾಲಕ್ಕೆ ಅಂತ ಅದರ ಜೆರಾಕ್ಸನ್ನೂ ನಾನೇ ಮಾಡಿಸಿದ್ದೆ. ಬಿಚ್ಚಿ ಓದಲಿಲ್ಲ. ಓದಿದ್ದರೆ ಎರಡು ವಿಷಯ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಒಂದು, ತಾರಸಿ ಜಾಗದಲ್ಲಿ ಓಪನ್ ಟೆರೇಸ್ ಅಂತ ಇಂಗ್ಲಿಷಿನಲ್ಲಿ ದಪ್ಪಗೆ ಬರೆದಿತ್ತು. ಇನ್ನೊಂದು, ಕೆಳಗಿನ ಮನೆಯೇ ನಕ್ಷೆಯ ಪ್ರಕಾರ ಇಲ್ಲ. ಎರಡನೆಯದು ತಿಳಿದಿದ್ದರೆ ನಾನು ಮೇಲೆ ಒಂದು ಇಟ್ಟಿಗೆಯನ್ನೂ ಇಡುತ್ತಿರಲಿಲ್ಲ. ಹಳೇ ಮನೆಯ ಹಳೇ ತಪ್ಪನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಹೊಸದಾಗಿ ಏನಾದರೂ ಕಟ್ಟಿದಾಗ ಬರುತ್ತಾರೆ. ಬಂದವರು ಹೊಸದನ್ನು ಮಾತ್ರ ನೋಡಿ ಹೋಗುವುದಿಲ್ಲ. ನಾನು ಊರವರನ್ನೆಲ್ಲ ಕೇಳಿದೆ, ಮನೆಯಲ್ಲೇ ಇದ್ದ ಆ ಒಂದು ಕಾಗದವನ್ನು ಬಿಟ್ಟು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಶೀಟ್ ರೂಮಿಗೆ ಪರ್ಮಿಷನ್ ಬೇಕು, ಅದರಲ್ಲಿ ಯೋಚಿಸುವುದೇ ಇಲ್ಲ. 1976ರ ಪೌರ ನಿಗಮಗಳ ಕಾಯ್ದೆಯಲ್ಲೇ ಶೆಡ್ಡು, ಗುಡಿಸಲು, ಮರದ್ದು, ಲೋಹದ್ದು ಎಲ್ಲವೂ ಕಟ್ಟಡವೇ. ಬೋಲ್ಟ್ ಬಿಚ್ಚಬಹುದು ಅನ್ನೋದು ಮೇಸ್ತ್ರಿಗಳ ಕಾನೂನು. ಬಣ್ಣ, ಪ್ಲಾಸ್ಟರಿಂಗ್, ಟೈಲ್ಸ್ ಬದಲಾಯಿಸುವುದು, ಸಣ್ಣಪುಟ್ಟ ರಿಪೇರಿ, ಇವಕ್ಕೆ ಬೇಡ. ರೂಮು, ಟಾಯ್ಲೆಟ್, ಇನ್ನೊಂದು ಫ್ಲೋರು, ಮನೆ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಮುಚ್ಚುವುದು, ಇವಕ್ಕೆ ಬೇಕು. ಮೆಟ್ಟಿಲ ಮೇಲಿನ ಹೆಡ್‌ರೂಮ್, ನೀರಿನ ಟ್ಯಾಂಕು ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕಕ್ಕೆ ಬರುವುದಿಲ್ಲ ನಿಜ. ಆದರೆ ನಕ್ಷೆಯಲ್ಲಿ ಹೆಡ್‌ರೂಮ್ ಅಂತ ತೋರಿಸಿ ಆಮೇಲೆ ಅದನ್ನೇ ಎಳೆದು ರೂಮ್ ಮಾಡುವ ಉಪಾಯ ಯಾರಾದರೂ ಹೇಳಿದರೆ, ಅದು ಎಂಜಿನಿಯರುಗಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಟ್ಯಾಕ್ಸ್ ವಿಷಯವೂ ಅಷ್ಟೇ. ಅಕ್ರಮವಾಗಿ ಕಟ್ಟಿದ್ದಕ್ಕೂ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತಾರೆ. ಆ ರಸೀದಿಯಿಂದ ಅದು ಸಕ್ರಮ ಆಗುವುದಿಲ್ಲ. ದಂಡ ಕಟ್ಟಿಸಿಕೊಂಡು ಇಂಥದ್ದನ್ನು ಸಕ್ರಮ ಮಾಡುವ ಸರ್ಕಾರದ ಅಕ್ರಮ-ಸಕ್ರಮ ಸ್ಕೀಮ್ ಬರುತ್ತೆ ಕಾಯೋಣ ಅಂತ ನನಗೂ ಹೇಳಿದರು. ಅದಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಇನ್ನು ಪಾಲಿಕೆಯ ಕಟ್ಟಡ ನಿಯಮಗಳಲ್ಲಿ, ಅಂದರೆ ಬೈಲಾದಲ್ಲಿ, ಶೇ. 5ರೊಳಗಿನ ವ್ಯತ್ಯಾಸಕ್ಕೆ ದಂಡ ಕಟ್ಟಿ ಸರಿಮಾಡಿಕೊಳ್ಳುವ ದಾರಿ ಇತ್ತು. ನಮ್ಮ ಹಿತ್ತಲಲ್ಲಿ ಸೆಟ್‌ಬ್ಯಾಕೇ ಉಳಿದಿರಲಿಲ್ಲ, ಶೇಕಡಾ ಎಲ್ಲಿಂದ ಬರಬೇಕು? ನೋಟಿಸಿಗೆ ಉತ್ತರ ಕೊಟ್ಟು, ಶೀಟು ಇಳಿಸಿ, ಯುಟಿಲಿಟಿ, ಟಾಯ್ಲೆಟ್ ಎರಡನ್ನೂ ಒಡೆಸಿದೆವು. ಕಟ್ಟಿಸಿದ್ದಕ್ಕಿಂತ ಒಡೆಸಿದ್ದಕ್ಕೇ ಜಾಸ್ತಿ ಖರ್ಚಾಯಿತು, ಪೈಪ್‌ಲೈನ್ ಎಲ್ಲ ಅದರಡಿಯಲ್ಲೇ ಹೋಗಿತ್ತು ನೋಡಿ. ಉತ್ತರ ಕೊಡದೆ ಸುಮ್ನೆ ಕೂತಿದ್ದರೆ ಒಡೆಯಿರಿ ಅನ್ನುವ ತಾತ್ಕಾಲಿಕ ಆದೇಶದ ಹಿಂದೆಯೇ ಅದನ್ನು ಖಾಯಂ ಮಾಡುವ ದೃಢೀಕರಣದ ಆದೇಶ ಬರುತ್ತಿತ್ತು. ಆಮೇಲೆ ಅವರೇ ಒಡೆದು ಖರ್ಚನ್ನು ನಮ್ಮ ತಲೆಗೆ ಕಟ್ಟಬಹುದು.

ಯಾರನ್ನು ಕೇಳಬೇಕು ಅಂದಿರಲ್ಲ, ಮೊದಲು ನಕ್ಷೆ. ಮನೆಯಲ್ಲಿ ಇಲ್ಲದಿದ್ದರೆ ಸಾಲ ಕೊಟ್ಟ ಬ್ಯಾಂಕಿನ ಫೈಲಲ್ಲಿ ಪ್ರತಿ ಇರಬಹುದು, ವಿಚಾರಿಸಿ. ಅಲ್ಲೂ ಇಲ್ಲ ಅಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ದೃಢೀಕೃತ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ, ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ನೋಡಿಕೊಂಡು ಅರ್ಜಿ ಹಾಕಿ. ನಕ್ಷೆ ಸಿಕ್ಕ ಮೇಲೆ ಒಬ್ಬ ಆರ್ಕಿಟೆಕ್ಟನ್ನು ಕರೆದು ಈಗಿರುವ ಮನೆಯನ್ನು ಅಳತೆ ಮಾಡಿಸಿ. ಮೇಸ್ತ್ರಿಯನ್ನಲ್ಲ. ಎರಡೂ ತಾಳೆಯಾದರೆ, ಎಫ್‌ಎಆರ್‌ನಲ್ಲಿ ಜಾಗ ಉಳಿದಿದ್ದರೆ, ಶೀಟ್ ಯಾಕೆ, ಸರಿಯಾದ ರೂಮನ್ನೇ ಮಂಜೂರು ಮಾಡಿಸಿಕೊಳ್ಳಿ. ಸಣ್ಣ ರಸ್ತೆಯ 30x40ಗೆ ಬೆಂಗಳೂರಿನ ಮಾಸ್ಟರ್ ಪ್ಲ್ಯಾನ್-2015ರಲ್ಲಿ ಎಫ್‌ಎಆರ್ 1.75, ಅಂದರೆ 2100 ಚದರಡಿ. 50x80ರವರೆಗಿನ ಸೈಟಿನ ಮನೆಗಳಿಗೆ 2024ರಲ್ಲಿ ನಂಬಿಕೆ ನಕ್ಷೆ ಅಂತ ಆನ್‌ಲೈನ್ ವ್ಯವಸ್ಥೆ ಬಂದಿದೆ, ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಸಹಿಯ ಮೇಲೆ ಆಗುತ್ತದೆ. ಆ ಸಹಿ ಹಾಕುವವರು ಮೊದಲು ಕೇಳುವುದೂ ಹಳೇ ನಕ್ಷೆಯನ್ನೇ.

ತಾಳೆಯಾಗದಿದ್ದರೆ ರೂಮಿನ ಆಸೆ ಸದ್ಯಕ್ಕೆ ಬಿಡಿ. ಪಕ್ಕದ ಬೀದಿಯಲ್ಲಿ ಒಂದು ರೂಮ್ ಬಾಡಿಗೆ ಹಿಡಿದರೂ ಕಡಿಮೆಗೆ ಮುಗಿಯುತ್ತದೆ. ಬೀದಿಯಲ್ಲಿ ಎಲ್ಲರ ಮನೆ ಮೇಲೂ ಶೀಟ್ ಇದೆ ಅಂತ ಹೇಳಬೇಡಿ. ನಾನೂ ಎಂಜಿನಿಯರ್ ಹತ್ತಿರ ಅದನ್ನೇ ಹೇಳಿದ್ದೆ. "ಅಡ್ರೆಸ್ ಬರ್ಕೊಡಿ ಸಾರ್, ಅಲ್ಲಿಗೂ ಹೋಗ್ತೀವಿ" ಅಂದರು. ಎದುರು ಮನೆಯವರ ಜೊತೆ ನಾಳೆಯೂ ಬಾಳಬೇಕಲ್ಲ, ಸುಮ್ಮನಾದೆ.

ನಿಮ್ಮ ನಕ್ಷೆ ಸಿಕ್ಕಿದರೆ ಸೆಟ್‌ಬ್ಯಾಕ್ ಅಳತೆ ಇಲ್ಲೇ ಕೆಳಗೆ ಹಾಕಿ, ಹೇಗೆ ಓದೋದು ಅಂತ ನನಗೆ ತಿಳಿದಷ್ಟು ಹೇಳ್ತೀನಿ. ಅಲ್ಲಿಯವರೆಗೆ ಮೇಸ್ತ್ರಿಗೆ ಅಡ್ವಾನ್ಸ್ ಮಾತ್ರ ಕೊಡಬೇಡಿ.