ಕೂದಲು ಎಳೆಯುತ್ತಿದ್ದರೆ ಮೊದಲು ಅಲಗು ನೋಡಿ

ಹೊಸ ಕ್ಷೌರದ ಕತ್ತಿ ಕೂದಲು ಕತ್ತರಿಸದೆ ಎಳೆಯುತ್ತಿದೆ, ಒತ್ತಿದರೆ ಗಾಯ ಆಗುತ್ತಿದೆ, ತಪ್ಪು ಕೈಯದಾ ಕತ್ತಿಯದಾ ಅಂತ ಕೇಳಿದ್ದೀರಿ. ನನಗೆ ಕತ್ತಿಯ ಮೇಲೇ ಅನುಮಾನ. ಹೊಸ ಕತ್ತಿಗಳು ಎಷ್ಟೋ ಸಲ ಪೂರ್ತಿ ಹರಿತ ಆಗಿರುವುದಿಲ್ಲ. ಗೊತ್ತಿದ್ದವರ ಹತ್ತಿರ ಒಮ್ಮೆ ನುಣುಪು ಕಲ್ಲಿನ ಮೇಲೆ ಮಸೆಸಿ.

ಆಮೇಲೆ ಪ್ರತಿ ಸಲವೂ ಶೇವಿಂಗ್‌ಗೆ ಮೊದಲು ಚರ್ಮದ ಪಟ್ಟಿಗೆ 30-40 ಸಲ ಉಜ್ಜಿ. ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ. ಪಟ್ಟಿಯ ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ. ಅಲಗಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹಾಳು, ಹರಿತವೂ ಹಾಳು.

ಮುಖಕ್ಕೆ ಇಡುವಾಗ ಒತ್ತಲೇಬೇಡಿ, ಅದರ ತೂಕವೇ ಸಾಕು. ಬಿಸಿನೀರು, ದಪ್ಪ ನೊರೆ ಆದಮೇಲೆ ಕತ್ತಿಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಬೆನ್ನನ್ನು ಸುಮಾರು 30 ಡಿಗ್ರಿ ಎತ್ತಿ. ಇನ್ನೊಂದು ಕೈಯಿಂದ ಕಿವಿಯ ಹತ್ತಿರ ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಅರ್ಧ ಕೆಲಸ ಈ ಕೈಯದೇ. ಕೂದಲು ಬೆಳೆದ ದಿಕ್ಕಿಗೇ ಸಣ್ಣ ಸಣ್ಣದಾಗಿ ಎಳೆಯಿರಿ. ಅಲಗು ಅದರ ಉದ್ದಕ್ಕೆ ಪಕ್ಕಕ್ಕೆ ಜಾರಿದರಂತೂ ಗಾಯ ಖಂಡಿತ.

ಶುರುವಿನಲ್ಲಿ ಬರೀ ಕೆನ್ನೆ ಸಾಕು. ಗದ್ದ, ಮೇಲ್ದುಟಿಗೆ ಸದ್ಯ ಹಳೇ ರೇಜರ್ರೇ ಇರಲಿ, ಅವಸರ ಏನಿಲ್ಲ ಅಲ್ವಾ? ಸಲೂನಿನಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಇರುತ್ತದಲ್ಲ, ಅದಕ್ಕೆ ಮಸೆಯುವ ರಗಳೆ ಇಲ್ಲ. ಆದರೆ ಕೈ ಸ್ವಲ್ಪ ತಪ್ಪಿದರೂ ಜಾಸ್ತಿ ಕೊಯ್ಯುತ್ತದೆ.

ಮುಗಿದಮೇಲೆ ಕತ್ತಿ ಒರೆಸಿ, ಪೂರ್ತಿ ಒಣಗಿಸಿಯೇ ಮಡಚಿ. ಕರಾವಳಿ ಕಡೆಯವರಾದರೆ ಒಂದು ಹನಿ ಎಣ್ಣೆಯನ್ನೂ ಸವರಿ.